ಅಜ್ಜನ ಕಾಲದ ಹೆಸರು ಮೊಮ್ಮಗುವಿಗೆ: ಹುಡುಕುವ, ಆರಿಸುವ, ಬರೆಸುವ ದಾರಿ

ಮಗುವಿಗೆ ಅಪರೂಪದ ಹೆಸರು ಬೇಕು ಅನ್ನುವವರು ಈಗ ಮೊದಲು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಅಲ್ಲಿ ಸಿಗುವ ಪಟ್ಟಿ ಪುಣೆಯವರಿಗೂ ಬೆಂಗಳೂರಿನವರಿಗೂ ಶಿರಸಿಯವರಿಗೂ ಒಂದೇ. ಅಪರೂಪ ಅಂದುಕೊಂಡು ಇಟ್ಟ ಹೆಸರು, ಶಾಲೆಗೆ ಸೇರಿಸುವ ಹೊತ್ತಿಗೆ ಅದೇ ತರಗತಿಯಲ್ಲಿ ಇನ್ನಿಬ್ಬರಿಗೆ ಇರುತ್ತದೆ.

ಉತ್ತರ ಕನ್ನಡದಲ್ಲಿ ಹುಟ್ಟಿದವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಹಲವು ಹೊಳೆ, ಘಟ್ಟದ ಮೇಲೆ ಕೆಳಗೆ ನೂರಾರು ದೇವರು, ಕನ್ನಡದ ಮೊದಲ ರಾಜಮನೆತನ, ಹವಿಗನ್ನಡ, ಕೊಂಕಣಿ, ಹಾಲಕ್ಕಿ ಕನ್ನಡ ಎಲ್ಲವೂ ಒಂದೇ ಜಿಲ್ಲೆಯಲ್ಲಿವೆ. ಹೆಸರುಗಳೂ ಹಾಗೇ ತುಂಬಿ ತುಳುಕುತ್ತಿವೆ. ಮಗು ನಾಲ್ಕೈದು ವರ್ಷಕ್ಕೆ "ನಂಗೆ ಯಾಕೆ ಈ ಹೆಸರು?" ಎಂದು ಕೇಳಿಯೇ ಕೇಳುತ್ತದೆ. ಆಗ ಒಬ್ಬ ಅಜ್ಜಿಯ ಫೋಟೋವನ್ನೋ, ಒಂದು ಹೊಳೆಯನ್ನೋ, ಒಂದು ಗುಡಿಯನ್ನೋ ತೋರಿಸಿ ಹೇಳುವಂಥ ಹೆಸರಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಅಂಥ ಹೆಸರನ್ನು ಹುಡುಕುವುದು ಹೇಗೆ, ಇಡುವ ಮೊದಲು ಏನೇನು ನೋಡಬೇಕು ಎಂದು ಇಲ್ಲಿ ಬರೆದಿದ್ದೇನೆ.

ಏಳನೇ ತಿಂಗಳಿಗೇ ಶುರು ಮಾಡಿ

ನಾಮಕರಣ ನಮ್ಮ ಕಡೆ ಸಾಮಾನ್ಯವಾಗಿ 11 ಅಥವಾ 12ನೇ ದಿನ. ಕೊಂಕಣಿ ಮನೆಗಳಲ್ಲಿ ನಾಮಕರಣಕ್ಕೆ ಬಾರಸೆ ಅನ್ನುವುದೇ ಹನ್ನೆರಡನೇ ದಿನದ ಲೆಕ್ಕದಿಂದ. ಆ ಹೊತ್ತಿನಲ್ಲಿ ಬಾಣಂತಿಗೆ ನಿದ್ದೆ ಇರುವುದಿಲ್ಲ, ಮನೆ ತುಂಬ ನೆಂಟರು. ಅತ್ತೆ ಒಂದು ಹೆಸರು, ಚಿಕ್ಕಪ್ಪ ಇನ್ನೊಂದು ಹೆಸರು. ಹೀಗೆ ಗಡಿಬಿಡಿಯಲ್ಲಿ ಆರಿಸಿದ ಹೆಸರಿಗೆ ಕೊನೆಗೆ ಯಾರದ್ದೂ ಪೂರ್ತಿ ಮನಸ್ಸಿರುವುದಿಲ್ಲ.

ಏಳನೇ ತಿಂಗಳಿಗೆ ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಗಂಡು, ಹೆಣ್ಣು ಎರಡಕ್ಕೂ ಬೇರೆ ಬೇರೆ ಪುಟ. ಸಿಕ್ಕ ಹೆಸರನ್ನೆಲ್ಲ ಬರೆಯಿರಿ, ಯಾವುದನ್ನೂ ಹೊಡೆದು ಹಾಕಬೇಡಿ. ಹೆಸರಿನ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಒಂದು ಸಾಲು ಬರೆದಿಡಿ. ಮುಂದೆ ಆ ಸಾಲು ಹೆಸರಿನಷ್ಟೇ ಬೆಲೆ ಬಾಳುತ್ತದೆ.

ಮೊದಲು ಮನೆಯೊಳಗೆ ಹುಡುಕಿ

ಅತಿ ಒಳ್ಳೆಯ ಹೆಸರುಗಳು ಸಿಗುವುದು ಇಲ್ಲಿಯೇ. ಹುಡುಕುವ ಜಾಗಗಳು ಮಾತ್ರ ನಾವು ಸುಮ್ನೆ ಮರೆತಂಥವು.

ಶ್ರಾದ್ಧ ಮಾಡುವ ಮನೆಯಾದರೆ ಮೂರು ತಲೆಮಾರಿನ ಹೆಸರು ಈಗಲೂ ವರ್ಷಕ್ಕೊಮ್ಮೆ ಬಾಯಲ್ಲಿ ಬರುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ; ಹಾಗೆಯೇ ತಾಯಿ, ಅಜ್ಜಿ, ಮುತ್ತಜ್ಜಿ. ಮಹಾಲಯದಲ್ಲಂತೂ ಪಟ್ಟಿ ಇನ್ನೂ ದೊಡ್ಡದು. ತೀರಿಕೊಂಡ ಸಂಬಂಧಿಕರೆಲ್ಲ ಅದರಲ್ಲಿ ಬರುತ್ತಾರೆ. ಆ ಹೆಸರುಗಳನ್ನು ಬರೆದಿಟ್ಟ ಹಳೇ ಚೀಟಿ ಅಥವಾ ವಹಿ ದೇವರ ಕೋಣೆಯಲ್ಲೋ ಪುರೋಹಿತರ ಹತ್ತಿರವೋ ಇರುತ್ತದೆ. ಕೇಳಿ ನೋಡಿ.

ಎರಡನೆಯದು ಜಮೀನಿನ ಕಾಗದ. ಹಳೇ ಪಹಣಿ ಉತಾರ, ವಾರಸಾ ಆದಾಗಿನ ದಾಖಲೆ, ಪಾಲುಪಟ್ಟಿ, ಅಡಿಕೆ ತೋಟದ ಖರೀದಿ ಪತ್ರ. "ಸುಬ್ರಾಯ ತಂದೆ ತಿಮ್ಮಣ್ಣ" ಎಂದು ಬರೆದಿರುವಲ್ಲಿ ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಗುತ್ತದೆ.

ಆದರೆ ಜಮೀನಿನ ಕಾಗದದಲ್ಲಿ ಹೆಂಗಸರ ಹೆಸರು ತೀರಾ ಕಡಿಮೆ. ಅವರ ಹೆಸರು ಬೇಕಿದ್ದರೆ ಅಟ್ಟದ ಮೇಲಿನ ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಕೆಳಗಿಳಿಸಿ. ಮದುವೆಗೆ ಕೊಟ್ಟ ಕೊಡಪಾನ, ತಪ್ಪಲೆ, ಹರಿವಾಣಗಳ ಕಂಠದಲ್ಲಿ ಹೆಸರು ಕೊರೆದಿರುತ್ತಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಭಾಗೀರಥಿ, ಗೋದಾವರಿ, ಕಮಲಾಕ್ಷಿ ಎಂದು ಒಬ್ಬೊಬ್ಬರೇ ಎದ್ದು ಬರುತ್ತಾರೆ. ಕೊಂಕಣಿ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಹಿಂದೆ ಮದುವೆಯಾದ ದಿನ ಸೊಸೆಗೆ ಹೊಸ ಹೆಸರಿಡುತ್ತಿದ್ದರು. ಹಾಗಾಗಿ ಮನೆಯ ಹಿರಿಯ ಹೆಂಗಸರನ್ನು "ನಿಮ್ಮ ತವರಿನ ಹೆಸರೇನು?" ಎಂದು ಕೇಳಿ. ಐವತ್ತು ಅರವತ್ತು ವರ್ಷದಿಂದ ಯಾರೂ ಕರೆಯದ ಹೆಸರೊಂದು ಹೊರಗೆ ಬರುತ್ತದೆ. ಅಂಥ ಹೆಸರನ್ನು ಮೊಮ್ಮಗಳಿಗೋ ಮರಿಮಗಳಿಗೋ ಇಟ್ಟರೆ ಆ ಅಜ್ಜಿಗೆ ಆಗುವ ಖುಷಿ ದೊಡ್ಡದು. ನನ್ನ ಕೇಳಿದರೆ ಈ ಇಡೀ ಕೆಲಸದಲ್ಲಿ ತಪ್ಪದೇ ಮಾಡಬೇಕಾದ್ದು ಇದೊಂದೇ.

ಕ್ರಿಶ್ಚಿಯನ್ ಮನೆಗಳವರು ಇಗರ್ಜಿಯ ಬಾಪ್ತಿಸ್ಮದ ಪುಸ್ತಕ ನೋಡಬಹುದು. ಮಗುವಿನ ಹೆಸರಿನ ಜೊತೆ ತಂದೆತಾಯಿ ಮತ್ತು ದೇವಪಿತೃಗಳ (ಬಾಪ್ತಿಸ್ಮದಲ್ಲಿ ಮಗುವಿನ ಹೊಣೆ ಹೊರುವವರ) ಹೆಸರೂ ಅದರಲ್ಲಿರುತ್ತದೆ. ಜುಜೆ, ಪೇದ್ರು, ಇನಾಸ ಇಂಥ ಕೊಂಕಣಿ ರೂಪಗಳು ಮಾತ್ರ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ. ಅದಕ್ಕೆ ಮನೆಯ ಹಿರಿಯರೇ ಆಗಬೇಕು.

ಆಮೇಲೆ ಊರು, ಹೊಳೆ, ಗುಡಿ

ಮನೆಯಲ್ಲಿ ಮನಸ್ಸಿಗೆ ಹಿಡಿಸುವ ಹೆಸರು ಸಿಗದಿದ್ದರೆ ಊರಿಗೆ ಬನ್ನಿ.

ಹೊಳೆಗಳಿಂದ ಶುರು ಮಾಡೋಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ದೊಡ್ಡ ಹೊಳೆಗಳು. ಸಹಸ್ರಲಿಂಗದ ಹತ್ತಿರ ಹರಿಯುವ ಶಾಲ್ಮಲಾ, ಬನವಾಸಿಯನ್ನು ಸುತ್ತಿ ಹೋಗುವ ವರದಾ ಘಟ್ಟದ ಮೇಲಿನವು. ವರದಾ ಮೂರೇ ಅಕ್ಷರದ ಪುಟ್ಟ ಹೆಸರು. ಯಾವ ಭಾಷೆಯವರ ಬಾಯಲ್ಲೂ ಕೆಡುವುದಿಲ್ಲ. ಶಾಲ್ಮಲಾ ಕೇಳಲು ಚಂದ, ಎಲ್ಲೂ ಜಾಸ್ತಿ ಬಳಕೆಯಲ್ಲಿಲ್ಲ. ಶರಾವತಿ ಹಿಂದಿನ ತಲೆಮಾರಿನಲ್ಲಿ ನಮ್ಮ ಕಡೆ ಸಾಕಷ್ಟು ಇತ್ತು, ಈಗ ಕಡಿಮೆಯಾಗಿದೆ. ಅಘನಾಶಿನಿಯ ಬಗ್ಗೆ ಒಂದು ಎಚ್ಚರಿಕೆ. ಶಿರಸಿ ಕಡೆ ಹುಟ್ಟಿ ಕುಮಟೆಯ ತದಡಿಯಲ್ಲಿ ಸಮುದ್ರ ಸೇರುವವರೆಗೂ ಒಂದೂ ಅಣೆಕಟ್ಟಿಲ್ಲದ ಹೊಳೆ ಅದು. ಹೆಸರಿಗೆ ಪಾಪವನ್ನು ಕಳೆಯುವವಳು ಎಂದು ಅರ್ಥ. ಆದರೆ ಅದನ್ನು ಮೊಟಕು ಮಾಡಿ "ಅಘ" ಎಂದು ಕರೆದರೆ ಉಳಿಯುವುದು ಪಾಪ ಮಾತ್ರ. ಇಡುವುದಾದರೆ ಕರೆಯಲು ಬೇರೆ ಒಂದು ಹೆಸರು ಮೊದಲೇ ಗೊತ್ತು ಮಾಡಿಕೊಳ್ಳಿ.

ದೇವರ ಹೆಸರುಗಳಲ್ಲಿ ಗಣಪತಿ, ಮಂಜುನಾಥ, ವೆಂಕಟ್ರಮಣ ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ಸ್ವಲ್ಪ ಒಳಗೆ ಹೋಗಿ ನೋಡಿ. ಬನವಾಸಿಯ ಮಧುಕೇಶ್ವರನಿಂದ ಮಧುಕೇಶ. ಗೋಕರ್ಣದ ಮಹಾಬಲೇಶ್ವರನಿಂದ ಮಹಾಬಲ. ಅಲ್ಲಿಯದೇ ತಾಮ್ರಗೌರಿ ದೇವಿಯ ಹೆಸರು ಎಷ್ಟು ಚಂದ ಇದೆ, ಅಲ್ವಾ? ಹೊನ್ನಾವರದ ಗುಣವಂತೇಶ್ವರನಿಂದ ಗುಣವಂತ. ಸೋದೆಯ ತ್ರಿವಿಕ್ರಮ ದೇವಸ್ಥಾನದಿಂದ ತ್ರಿವಿಕ್ರಮ. ಕಾರವಾರ, ಅಂಕೋಲೆಯ ಕೊಂಕಣಿ ಮನೆಗಳ ಕುಲದೇವರು ಹೆಚ್ಚಾಗಿ ಗೋವೆಯಲ್ಲಿದ್ದಾರೆ. ಮಂಗೇಶ, ನಾಗೇಶ, ದಾಮೋದರ, ರಾಮನಾಥ ಎಂಬ ಹೆಸರುಗಳು ಅಲ್ಲಿಂದ ಬಂದವು. ಹೆಣ್ಣು ಮಗುವಿಗೆ ಅಲ್ಲಿಯದೇ ದೇವಿಯ ಹೆಸರು ಮ್ಹಾಳಸಾ ಎಂದು ಇಟ್ಟರೆ ಅದರಷ್ಟು ಹಳೆಯದೂ ಇಲ್ಲ, ಅದರಷ್ಟು ಹೊಸದೂ ಇಲ್ಲ.

ರಾಜರ ಕಾಲಕ್ಕೆ ಹೋದರೆ ಕದಂಬರಿದ್ದಾರೆ. ಮಯೂರ ಎಲ್ಲರಿಗೂ ಗೊತ್ತು. ಅವನ ವಂಶದಲ್ಲೇ ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ ಬರುತ್ತಾರೆ. ಮೃಗೇಶ ಎಂಬ ಹೆಸರು ಯಾಕೆ ಯಾರ ಕಣ್ಣಿಗೂ ಬಿದ್ದಿಲ್ಲವೋ ನನಗೆ ಆಶ್ಚರ್ಯ. ಮೂರೇ ಅಕ್ಷರ, ಗಟ್ಟಿಯಾಗಿದೆ, ಸಾವಿರದೈನೂರು ವರ್ಷ ಹಳೆಯದು. ಹೆಣ್ಣು ಮಗುವಿಗೆ ಗೇರುಸೊಪ್ಪೆಯ ಚೆನ್ನಭೈರಾದೇವಿ. 16ನೇ ಶತಮಾನದಲ್ಲಿ ಈ ಕರಾವಳಿಯ ಕಾಳುಮೆಣಸಿನ ವ್ಯಾಪಾರವನ್ನು ಹಿಡಿದಿದ್ದ ರಾಣಿ ಅವಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಪೂರ್ತಿ ಹೆಸರು ಉದ್ದವಾಯಿತು ಅನ್ನಿಸಿದರೆ ಭೈರಾದೇವಿ ಎನ್ನಬಹುದು. ಮನೆಯಲ್ಲಿ ಚೆನ್ನಿ ಅಂತಲೂ ಕರೆಯಬಹುದು.

ನೋವಿರುವ ಹೆಸರುಗಳನ್ನು ನೋಡಿ ಮುಟ್ಟಿ

ಹಳೆಯದು ಎಂಬ ಒಂದೇ ಕಾರಣಕ್ಕೆ ಎಲ್ಲ ಹೆಸರೂ ಮಗುವಿಗೆ ಹೊಂದುವುದಿಲ್ಲ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ.

ಹಿಂದೆ ಹುಟ್ಟಿದ ಮಕ್ಕಳು ಉಳಿಯದೇ ಹೋದ ಮನೆಯಲ್ಲಿ, ಮುಂದಿನ ಮಗುವಿಗೆ ಬೇಕೆಂದೇ ಬೆಲೆಯಿಲ್ಲದ ಹೆಸರಿಡುತ್ತಿದ್ದರು. ತಿಪ್ಪೆಯ ಹೆಸರಿನ ತಿಪ್ಪ, ಕಲ್ಲಿನ ಹೆಸರಿನ ಧೋಂಡು, ಭಿಕ್ಷೆ ಬೇಡಿ ತಂದ ಹಾಗೆ ಭಿಕು. ಯಮನ ಕಣ್ಣು ಬೀಳದಿರಲಿ ಎಂಬ ಆಸೆ. ಅದರ ಹಿಂದೆ ಇದ್ದದ್ದು ತಾಯಿಯ ಅಳು. ಅಂಥ ಹೆಸರು ನಿಮ್ಮ ವಂಶದಲ್ಲಿದ್ದರೆ ಅದನ್ನು ಕಥೆಯಾಗಿ ಮಗುವಿಗೆ ಹೇಳಿ, ನಾಚಿಕೆ ಪಡಬೇಡಿ. ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಬೇರೆ ಹೆಸರು ಇರಲಿ. ಹೆಣ್ಣು ಮಕ್ಕಳು ಇನ್ನು ಸಾಕು ಎಂದು ಇಟ್ಟ ಸಾಕಮ್ಮನಂಥ ಹೆಸರನ್ನು ಮತ್ತೆ ಇಡಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗಿಡ್ಡ, ಕರಿಯ ಎಂದು ಮೈ ನೋಡಿ ಇಟ್ಟ ಹೆಸರುಗಳೂ ಅಷ್ಟೇ.

ಇನ್ನೊಂದು ಬಗೆ ವಾರದ ಹೆಸರುಗಳು. ಹಾಲಕ್ಕಿ ಒಕ್ಕಲಿಗರಲ್ಲಿ ಮತ್ತು ಕರಾವಳಿಯ ಇತರ ದುಡಿಯುವ ಜನರಲ್ಲಿ ಸೋಮ, ಸೋಮಿ, ಬುದವಂತ, ಬುದವಂತಿ, ಸುಕ್ರ, ಸುಕ್ರಿ ಎಂಬ ಹೆಸರು ಮನೆ ಮನೆಯಲ್ಲಿದ್ದವು. ಆ ಹೆಸರುಗಳನ್ನು ಒಡೆಯರ ಮನೆಯಂಗಳದಲ್ಲಿ ಏಕವಚನದಲ್ಲಿ ಕೂಗಿ ಕೂಗಿ ಸಣ್ಣದು ಮಾಡಿದರು. ಹಾಗಾಗಿಯೇ ಓದಿದ ಮಕ್ಕಳು ಆ ಹೆಸರು ಬಿಟ್ಟರು. ಅವರು ಬಿಟ್ಟಿದ್ದಕ್ಕೆ ಕಾರಣವಿತ್ತು. ಆದರೆ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಅದೇ ಹೆಸರನ್ನು ರಾಷ್ಟ್ರಪತಿ ಭವನದಲ್ಲಿ ಓದಿದರು. ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ, ಸಾರಾಯಿಯ ವಿರುದ್ಧ ಹೋರಾಡಿದ ಹೆಂಗಸಿನ ಹೆಸರು ಅದು. ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರೂ ಹಾಗೆಯೇ, ಗಿಡಮರಗಳ ಜೊತೆಗೇ ನೆನಪಾಗುತ್ತದೆ. ನೀವು ಆ ಸಮುದಾಯದವರಾಗಿದ್ದರೆ ಅಜ್ಜಿಯ ಹೆಸರನ್ನು ಧೈರ್ಯವಾಗಿ ಮಗುವಿಗೆ ಇಡಿ. ಬೇರೆಯವರು ಮಾತ್ರ "ಜಾನಪದ ಸೊಗಡು" ಎಂದು ಸುಮ್ಮನೆ ಎತ್ತಿಕೊಳ್ಳುವುದು ಸರಿಯಲ್ಲ. ಸುಕ್ರಿ ಅಜ್ಜಿಯ ಮೇಲಿನ ಗೌರವದಿಂದ ಇಡುವವರಿದ್ದರೆ, ಆ ಗೌರವವನ್ನು ಮಗುವಿಗೂ ಪೂರ್ತಿ ತಿಳಿಸಬೇಕು.

ಕರೆಯುವ ಹೆಸರು ಯಾವುದಾಗುತ್ತದೆ?

ಹಳೇ ಹೆಸರು ಉದ್ದ ಇರುತ್ತದೆ. ನಮ್ಮ ಜನ ಅದನ್ನು ಉದ್ದವಾಗಿ ಬಿಡುವವರಲ್ಲ. ಮಹಾಬಲೇಶ್ವರ ಮಾಬ್ಲ ಆಗುತ್ತಾನೆ, ಸುಬ್ರಾಯ ಸುಬ್ಬು, ಪರಮೇಶ್ವರ ಪರಮು. ಆ ಸಣ್ಣ ಹೆಸರು ನಿಮಗೆ ಇಷ್ಟವಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಯಾಕೆಂದರೆ ದಿನಕ್ಕೆ ಐವತ್ತು ಸಲ ಕೇಳುವುದು ಅದನ್ನೇ.

ಹಿಂದೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟರೂ ಸೊಸೆ ಆ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ. ಮಾವನ ಹೆಸರಲ್ಲವೇ! ಹಾಗಾಗಿ ತಮ್ಮ, ಅಪ್ಪಿ, ಪುಟ್ಟ, ಮಾಣಿ ಎಂದೆಲ್ಲ ಕರೆದರು. ಎಷ್ಟೋ ಜನರ ನಿಜವಾದ ಹೆಸರು ಊರಿಗೆ ಗೊತ್ತಾಗಿದ್ದು ಮದುವೆಯ ಕರೆಯೋಲೆ ಅಚ್ಚಾದಾಗಲೇ. ಈಗ ಈ ಹಿಂಜರಿಕೆ ಕಡಿಮೆಯಾಗಿದೆ. ಆದರೂ ಅಜ್ಜ ಇನ್ನೂ ಬದುಕಿದ್ದರೆ ಒಂದು ಮಾತು ಕೇಳಿ. ಕೆಲವರಿಗೆ ತಮ್ಮ ಹೆಸರು ಕೇಳಿ ಕಣ್ಣು ತುಂಬುತ್ತದೆ, ಕೆಲವರಿಗೆ "ನಾನಿರುವಾಗಲೇ ಯಾಕೆ" ಅನ್ನಿಸುತ್ತದೆ. ಮಗುವಿನ ಆಯಿಯ, ಅಂದರೆ ತಾಯಿಯ, ಒಪ್ಪಿಗೆಯೂ ಅಷ್ಟೇ ಮುಖ್ಯ. ಅವಳ ತವರಿನ ಅಜ್ಜ ಅಜ್ಜಿಯರ ಹೆಸರೂ ನೋಟ್ ಪುಸ್ತಕದಲ್ಲಿ ಇರಲೇಬೇಕು.

ಪಟ್ಟಿ ಮೂರ್ನಾಲ್ಕು ಹೆಸರಿಗೆ ಇಳಿದ ಮೇಲೆ ಒಂದೊಂದನ್ನೂ ಗಟ್ಟಿಯಾಗಿ ಕೂಗಿ ನೋಡಿ. ಅಂಗಳದಲ್ಲಿ ನಿಂತು ತೋಟದಲ್ಲಿರುವವರನ್ನು ಕರೆದ ಹಾಗೆ. ಸ್ವರದಲ್ಲಿ ಮುಗಿಯುವ ನಮ್ಮ ಹಳೇ ಹೆಸರುಗಳನ್ನು ಎಷ್ಟು ಬೇಕಾದರೂ ಎಳೆಯಬಹುದು, ದೂರಕ್ಕೆ ಕೇಳುತ್ತವೆ. ಆಮೇಲೆ ಮೆತ್ತಗೆ, ಮಲಗಿಸುವ ದನಿಯಲ್ಲಿ ಹೇಳಿ. ಸಿಟ್ಟು ಬಂದ ಹಾಗೆಯೂ ಒಮ್ಮೆ. ಮೂರೂ ದನಿಗೆ ಒಗ್ಗುವ ಹೆಸರು ಒಳ್ಳೆಯದು.

ಅಡ್ಡಹೆಸರಿನ ಜೊತೆ ಕೂಡಿಸಿ

ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಅವರ ರೂಢಿಯಂತೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಮೂರು ಭಾಗ ನಮ್ಮಲ್ಲಿ ಇವತ್ತಿಗೂ ನಡೆಯುತ್ತಿದೆ. ಅಪ್ಪನ ಹೆಸರು ವೆಂಕಟ್ರಮಣ ಇದ್ದು ಮಗನಿಗೆ ಮಹಾಬಲೇಶ್ವರ ಎಂದು ಇಟ್ಟರೆ ಅರ್ಜಿಯ ಚೌಕಗಳೇ ಸಾಲುವುದಿಲ್ಲ. ಅಪ್ಪನ ಹೆಸರು ಉದ್ದವಿದ್ದರೆ ಮಗುವಿನದ್ದು ಚಿಕ್ಕದಿರಲಿ. ಅಡ್ಡಹೆಸರು ಹೆಗಡೆ, ಭಟ್ಟ, ನಾಯ್ಕ, ಗೌಡ ಇದ್ದರೆ ಹಳೇ ಹೆಸರಿನಿಂದ ನಿಜವಾದ ಲಾಭವೇ ಇದೆ. ಗಣಪತಿ ಹೆಗಡೆ ಎಂದರೆ ಯಾವ ಊರಿನವರು ಎಂದು ಕೇಳಬೇಕಾಗುತ್ತದೆ, ಆದರೆ ಮಧುಕೇಶ ಹೆಗಡೆ ಎಂದರೆ ಅಷ್ಟು ಕೇಳಬೇಕಾಗುವುದಿಲ್ಲ. ಯಕ್ಷಗಾನದ ಹಿರಿಯರನ್ನು ಕೆರೆಮನೆ, ಚಿಟ್ಟಾಣಿ ಎಂದು ಊರಿನ ಹೆಸರು ಸೇರಿಸಿ ಗುರುತಿಸುವುದೂ ಹೆಗಡೆಯರು ಇಷ್ಟೊಂದು ಇರುವುದಕ್ಕೇ.

ಮಗು ಮುಂದೆ ಹುಬ್ಬಳ್ಳಿ, ಗೋವಾ, ಬೆಂಗಳೂರು ಎಲ್ಲಿ ಬೇಕಾದರೂ ಹೋಗಬಹುದು. ಹೆಸರಿನಲ್ಲಿ ಳ ಇದ್ದರೆ ಹೊರಗಿನವರ ಬಾಯಲ್ಲಿ ಲ ಆಗುತ್ತದೆ ಎಂಬುದು ತಿಳಿದಿರಲಿ. ಅದಕ್ಕಾಗಿ ಹೆಸರು ಬಿಡಬೇಡಿ.

ಜಾತಕದ ಅಕ್ಷರ ಹೊಂದದಿದ್ದರೆ

ಇಲ್ಲಿಯೇ ಎಷ್ಟೋ ಒಳ್ಳೇ ಹೆಸರುಗಳು ಬಿದ್ದು ಹೋಗುತ್ತವೆ. 27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರಗಳಿವೆ. ಹಸ್ತಾ ನಕ್ಷತ್ರಕ್ಕೆ ಪೂ, ಷ, ಣ, ಠ. ಆರಿದ್ರೆಗೆ ಕು, ಘ, ಙ, ಛ. ಙ ಅಕ್ಷರದಿಂದ ಯಾರು ತಾನೇ ಹೆಸರಿಟ್ಟಾರು? ಹಿರಿಯರು ಇದಕ್ಕೆ ದಾರಿ ಮಾಡಿಯೇ ಇಟ್ಟಿದ್ದಾರೆ. ನಾಮಕರಣದಲ್ಲಿ ನಕ್ಷತ್ರನಾಮ, ಮಾಸನಾಮ, ದೇವತಾನಾಮ, ವ್ಯವಹಾರನಾಮ ಎಂದು ಬೇರೆ ಬೇರೆ ಹೆಸರಿಡುವ ಪದ್ಧತಿ ಇದೆ. ಜಾತಕದ ಅಕ್ಷರ ನಕ್ಷತ್ರನಾಮದಲ್ಲಿ ಬರಲಿ. ನೀವು ಆರಿಸಿದ ಹಳೇ ಹೆಸರು ವ್ಯವಹಾರನಾಮವಾಗಲಿ. ಹಠ ಹಿಡಿದ ಅತ್ತೆಯ ಹೆಸರಿಗೂ ಇದರಲ್ಲಿ ಜಾಗ ಸಿಗುತ್ತದೆ. ಭಟ್ಟರ ಹತ್ತಿರ ಎರಡು ದಿನ ಮೊದಲೇ ಮಾತಾಡಿಕೊಳ್ಳಿ. ಅಕ್ಕಿಯ ಹರಿವಾಣದಲ್ಲಿ ಉಂಗುರದಿಂದ ಬರೆಯುವ ಹೊತ್ತಿಗೆ ಚರ್ಚೆ ಬೇಡ.

ಬರೆಸುವಾಗ

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರು ಗೊತ್ತಾಗಿಲ್ಲ ಎಂದು ನೋಂದಣಿ ನಿಲ್ಲಿಸಬೇಡಿ, ಹೆಸರಿಲ್ಲದೆಯೂ ನೋಂದಣಿ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅದು ದಾಟಿದರೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಮನಸ್ಸು ಎರಡಾಗಿದ್ದರೆ ಆಸ್ಪತ್ರೆಯಲ್ಲಿ ಅವಸರದಿಂದ ಒಂದನ್ನು ಬರೆಸಬೇಡಿ. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭವಲ್ಲ.

2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಳೇ ಹೆಸರುಗಳಲ್ಲಿ ಕಾಗುಣಿತದ ತಪ್ಪು ಬೇಗ ನುಸುಳುತ್ತದೆ. ಕಂಪ್ಯೂಟರ್ ಮುಂದೆ ಕೂತವರಿಗೆ ಶಾಲ್ಮಲಾ, ಮೃಗೇಶ ಎಂಬ ಹೆಸರು ಪರಿಚಯ ಇರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಬಾಯಲ್ಲಿ ಹೇಳದೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆದ ಚೀಟಿ ಕೊಡಿ. ಇಂಗ್ಲಿಷಿನಲ್ಲಿ ಶರಾವತಿಯ ಕೊನೆಗೆ ಟಿಎಚ್ ಹಾಕುವುದೋ ಬರೀ ಟಿಯೋ, ಮಹಾಬಲದ ಕೊನೆಗೆ ಎ ಬೇಕೋ ಬೇಡವೋ ಎಂದು ಮನೆಯಲ್ಲೇ ತೀರ್ಮಾನವಾಗಿರಲಿ. ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಅಪ್ಪನ ಪಾಸ್‌ಪೋರ್ಟ್, ಆಧಾರ್‌ನಲ್ಲಿ ಇದ್ದ ಹಾಗೆಯೇ ಬರಲಿ. ಹೆಗಡೆಯನ್ನು ಎರಡು ಮೂರು ಥರ ಬರೆಯುವವರಿದ್ದಾರೆ.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಎರಡೂ ಲಿಪಿಯಲ್ಲಿ ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಅವತ್ತೇ ತಿದ್ದುಪಡಿಗೆ ಅರ್ಜಿ ಕೊಡಿ. ಆಮೇಲೆ ಅದನ್ನೇ ಮುಂದಿಟ್ಟುಕೊಂಡು ಮಗುವಿನ ಆಧಾರ್ ಮಾಡಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ, ಅದನ್ನು ಕಾಗುಣಿತದ ತಪ್ಪಿಗೆ ಖರ್ಚು ಮಾಡುವುದು ಬೇಡ.